ಬೆಂಗಳೂರಿನವರಿಗೆ, ನೀವು ಬಿಟ್ಟ ನೀರು ಬಂದು ಸೇರುವ ಊರಿನಿಂದ ಒಂದು ಕಾಗದ

ಬೆಂಗಳೂರಿನ ಅಕ್ಕ-ತಂಗಿಯರೇ, ಅಣ್ಣ-ತಮ್ಮಂದಿರೇ,

ನಮಸ್ಕಾರ. ನಾನು ಕೋಲಾರ ತಾಲ್ಲೂಕಿನ ಒಂದು ಹಳ್ಳಿಯವಳು. ಈ ಕಾಗದವನ್ನು ಮಂತ್ರಿಗಳಿಗೆ ಬರೆಯೋಣ ಅಂತಲೇ ಕೂತಿದ್ದೆ. "ಮಾನ್ಯರೇ" ಅಂತ ಬರೆದು ಅಲ್ಲಿಗೆ ಪೆನ್ನು ನಿಂತಿತು. ಮಂತ್ರಿಗಳಿಗೆ ಬರೆದ ಕಾಗದ ಎಲ್ಲಿಗೆ ಹೋಗುತ್ತದೆ ಅಂತ ನಮಗೆ ಗೊತ್ತಿಲ್ಲವಾ? ಒಂದು ಫೈಲಿಗೆ ಹೋಗುತ್ತದೆ, ಆ ಫೈಲು ಇನ್ನೊಂದು ಟೇಬಲ್ಲಿಗೆ ಹೋಗುತ್ತದೆ. ಆಮೇಲೆ ಅನ್ನಿಸಿತು, ನಾನು ಬರೆಯಬೇಕಿರುವುದು ನೀರಿನ ಬಗ್ಗೆ, ಮತ್ತೆ ಆ ನೀರು ನಿಮ್ಮದು. ನೀವು ಬೆಳಿಗ್ಗೆ ಹಲ್ಲುಜ್ಜಿ ಬಾಯಿ ಮುಕ್ಕಳಿಸಿದ್ದು, ಪಾತ್ರೆ ತೊಳೆದದ್ದು, ಸ್ನಾನ ಮಾಡಿದ್ದು, ಫ್ಲಶ್ ಮಾಡಿದ್ದು, ಎಲ್ಲ. ಅದಕ್ಕೇ ನಿಮಗೇ ನೇರವಾಗಿ ಬರೆಯುತ್ತಿದ್ದೇನೆ. ಸರ್ಕಾರದವರು ಯಾರಾದರೂ ಪಕ್ಕದಲ್ಲಿ ನಿಂತು ಓದಿಕೊಂಡರೆ ಬೇಡ ಅನ್ನುವುದಿಲ್ಲ.

ನಿಮ್ಮಲ್ಲಿ ಎಷ್ಟೋ ಜನಕ್ಕೆ ಈ ವಿಷಯವೇ ಗೊತ್ತಿಲ್ಲ. ನನ್ನ ಒಡಹುಟ್ಟಿದ ತಮ್ಮನಿಗೇ ಗೊತ್ತಿರಲಿಲ್ಲ. ಅವನು ಹನ್ನೆರಡು ವರ್ಷದಿಂದ ಬೆಳ್ಳಂದೂರಿನ ಹತ್ತಿರ ಇದ್ದಾನೆ. ಯುಗಾದಿಗೆ ಬಂದವನು ಕೆರೆ ಏರಿ ಮೇಲೆ ನಿಂತು ಮೊಬೈಲಿನಲ್ಲಿ ಫೋಟೋ ಹೊಡೆದುಕೊಂಡು, "ಅಕ್ಕಾ, ಎಷ್ಟು ಚೆನ್ನಾಗಿ ತುಂಬಿದೆ! ಯಾವ ನದಿ ನೀರು ತಂದರು?" ಅಂದ. "ನಿನ್ನ ಬಚ್ಚಲಿಂದು ಕಣೋ" ಅಂದೆ. ತಮಾಷೆ ಅಂದುಕೊಂಡ. ಬಿಡಿಸಿ ಹೇಳಿದ ಮೇಲೆ ಫೋನು ಜೇಬಿಗೆ ಹಾಕಿಕೊಂಡ. ಕಾರಿನ ಡಿಕ್ಕಿಯಲ್ಲಿ ಇಪ್ಪತ್ತು ಲೀಟರಿನ ಎರಡು ಕ್ಯಾನ್ ನೀರು ತಂದಿದ್ದ, ಮಗುವಿಗೆ ಅಂತ. ಅದನ್ನು ಒಳಗೆ ತರುವಾಗ ನನ್ನ ಮುಖ ನೋಡಲಿಲ್ಲ. ನಾನೇನೂ ಬೇಜಾರು ಮಾಡಿಕೊಳ್ಳಲಿಲ್ಲ. ಅವನ ಜಾಗದಲ್ಲಿ ನಾನಿದ್ದಿದ್ದರೂ ಅದನ್ನೇ ಮಾಡುತ್ತಿದ್ದೆ.

ಕಥೆ ಹೀಗಿದೆ. ನಿಮಗೆ ಕಾವೇರಿ ನೀರು ತೊರೆಕಾಡನಹಳ್ಳಿಯಿಂದ ಬರುತ್ತದೆ. ಸುಮಾರು ನೂರು ಕಿಲೋಮೀಟರ್ ದೂರ, ಅರ್ಧ ಕಿಲೋಮೀಟರ್ ಎತ್ತರ, ಪಂಪ್ ಮೇಲೆ ಪಂಪ್ ಹಾಕಿ ಎತ್ತುತ್ತಾರೆ. 2024ರ ಅಕ್ಟೋಬರಿನಲ್ಲಿ ಐದನೇ ಹಂತ ಶುರುವಾದ ಮೇಲೆ ದಿನಕ್ಕೆ 220 ಕೋಟಿ ಲೀಟರಿಗೂ ಜಾಸ್ತಿ ಕೊಡುವ ವ್ಯವಸ್ಥೆ ಆಗಿದೆ. ಮನೆಗೆ ಬಂದ ನೀರಿನಲ್ಲಿ ಐದರಲ್ಲಿ ನಾಲ್ಕು ಪಾಲು ಮತ್ತೆ ಚರಂಡಿಗೇ ಇಳಿಯುತ್ತದೆ ಅನ್ನುವುದು ಎಂಜಿನಿಯರುಗಳ ಲೆಕ್ಕ. ಹಾಗೆ ಇಳಿದದ್ದರಲ್ಲಿ ಒಂದು ದೊಡ್ಡ ಪಾಲು ಕೋರಮಂಗಲ–ಚಲ್ಲಘಟ್ಟ ಕಣಿವೆಗೆ ಬರುತ್ತದೆ. ನಾವು ಕೆಸಿ ವ್ಯಾಲಿ ಅಂತೀವಿ. ಅಲ್ಲಿ ಶುದ್ಧ ಮಾಡಿ, ಪೈಪಿನಲ್ಲಿ ನಮ್ಮ ಕಡೆಗೆ ಎತ್ತುತ್ತಾರೆ. ದಿನಕ್ಕೆ 44 ಕೋಟಿ ಲೀಟರ್ ಕೊಡುವುದು ಅಂತ ಮೂಲ ಯೋಜನೆ. ಕೋಲಾರ ಜಿಲ್ಲೆಯದ್ದು, ಚಿಂತಾಮಣಿ ಕಡೆಯದ್ದು ಸೇರಿ 126 ಕೆರೆ. ಖರ್ಚು 1,300 ಕೋಟಿ ಆಸುಪಾಸು. ಇದೇ ಥರ ಹೆಬ್ಬಾಳ–ನಾಗವಾರ ಕಣಿವೆಯಿಂದ ಚಿಕ್ಕಬಳ್ಳಾಪುರದ ಕಡೆಗೂ ಹೋಗುತ್ತದೆ, ಅವರ ಕಥೆ ಅವರು ಬರೆದುಕೊಳ್ಳಲಿ.

ಒಂದು ತಮಾಷೆ ಹೇಳಲಾ? ಕಾವೇರಿಯ ಶಿವನಸಮುದ್ರದಿಂದ ನಮ್ಮ ಕೆಜಿಎಫ್‌ಗೆ ಕರೆಂಟು ಬಂದದ್ದು 1902ರಲ್ಲಿ. ನಿಮ್ಮ ಬೆಂಗಳೂರಿಗಿಂತ ಮೂರು ವರ್ಷ ಮೊದಲು. ಅದೇ ಕಾವೇರಿಯ ನೀರು ಈ ಕಡೆಗೆ ಬಂದದ್ದು 2018ರಲ್ಲಿ, ಅದೂ ನಿಮ್ಮ ಬಚ್ಚಲಿಗೆ ಹೋಗಿ, ಅಲ್ಲಿಂದ. ಚಿನ್ನ ತೆಗೆಯಬೇಕಾಗಿದ್ದಾಗ ಕರೆಂಟಿಗೆ ದಾರಿ ಬೇಗ ಸಿಕ್ಕಿತು.

ಈ ನೀರು ಬರುವುದಕ್ಕೆ ಮುಂಚೆ ನಮ್ಮ ಪಾಡು ಏನಿತ್ತು ಅಂತ ಹೇಳದೆ ಮುಂದಕ್ಕೆ ಹೋದರೆ ತಪ್ಪಾಗುತ್ತದೆ. ನಮ್ಮಲ್ಲಿ ವರ್ಷವಿಡೀ ಹರಿಯುವ ನದಿ ಇಲ್ಲ. ಪಾಲಾರ್, ಪಿನಾಕಿನಿ ಅಂತ ಹೆಸರುಗಳಿವೆ, ಮಳೆ ಬಂದಾಗ ಹರಿಯುತ್ತವೆ. ಅದಕ್ಕೇ ಹಿಂದಿನವರು ಕೆರೆ ಕಟ್ಟಿದರು. 2007ರಲ್ಲಿ ಜಿಲ್ಲೆ ಎರಡಾಗುವುದಕ್ಕೆ ಮುಂಚಿನ ಕೋಲಾರದಲ್ಲಿ ನಾಲ್ಕು ಸಾವಿರಕ್ಕೂ ಜಾಸ್ತಿ ಕೆರೆಗಳು. ಒಂದರ ಕೋಡಿ ಬಿದ್ದರೆ ಇನ್ನೊಂದಕ್ಕೆ ನೀರು, ಅಲ್ಲಿಂದ ಮತ್ತೊಂದಕ್ಕೆ. ನಾನು ಮದುವೆಯಾಗಿ ಬಂದಾಗ ನಮ್ಮೂರ ಕೆರೆಯಲ್ಲಿ ನೀರಿರಲಿಲ್ಲ, ಸೀಮೆ ಜಾಲಿ ಇತ್ತು. ಹುಡುಗರು ಅದರೊಳಗೆ ಜಾಗ ಮಾಡಿಕೊಂಡು ಕ್ರಿಕೆಟ್ ಆಡುತ್ತಿದ್ದರು.

2015ರಲ್ಲಿ ನಾವು ಬೋರ್ ಕೊರೆಸಿದೆವು. ಪಾಯಿಂಟ್ ನೋಡೋಕೆ ಒಬ್ಬರು ಬಂದರು, ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಹೊಲವೆಲ್ಲ ಸುತ್ತಿದರು, ಒಂದು ಕಡೆ ಕಾಯಿ ಎದ್ದು ನಿಂತಿತು. ನಾನು ಬಿಎಸ್ಸಿ ಓದಿದವಳು. ಕೆಮಿಸ್ಟ್ರಿಯಲ್ಲಿ ಫಸ್ಟ್ ಕ್ಲಾಸು. ಆದರೂ ಕಾಯಿ ನಿಂತಾಗ ಕೈ ಮುಗಿದೆ, ಸುಳ್ಳು ಯಾಕೆ ಹೇಳಲಿ. ತಿರುಚೆಂಗೋಡಿನ ರಿಗ್ ಲಾರಿ ರಾತ್ರಿ ಹತ್ತಕ್ಕೆ ಶುರು ಮಾಡಿತು. ಆರುನೂರು ಅಡಿಗೆ ಒಂಚೂರು ತೇವ. ಒಂಬೈನೂರಕ್ಕೆ ಧೂಳು. ನಮ್ಮ ಯಜಮಾನರು "ಇನ್ನೂ ನೂರು ಹಾಕಿ" ಅಂತ ಹೇಳುತ್ತಲೇ ಹೋದರು, ಬೆಳಗಿನ ಜಾವ 1,380 ಅಡಿಗೆ ನಿಲ್ಲಿಸಿದರು. ಬೆಳಕು ಹರಿದಾಗ ಮನೆ ಮಾಡು, ಹಸು, ರಾಗಿ ಮೆದೆ, ನಮ್ಮ ಯಜಮಾನರ ಮೀಸೆ, ಎಲ್ಲದರ ಮೇಲೂ ಬಿಳಿ ಕಲ್ಲಿನ ಹುಡಿ ಕೂತಿತ್ತು. ಒಂದು ಬಿಂದಿಗೆ ನೀರು ಬಂದಿರಲಿಲ್ಲ. ನನ್ನ ಸರ ಬ್ಯಾಂಕಿಗೆ ಹೋಗಿ ಕೂತಿತು, ಬಿಡಿಸಿಕೊಳ್ಳೋಕೆ ನಾಲ್ಕು ವರ್ಷ ಬೇಕಾಯಿತು.

ಇನ್ನು ಅಷ್ಟು ಆಳದಿಂದ ನೀರು ಬಂದ ಬೋರುಗಳದ್ದು ಬೇರೆ ಗೋಳು. ಕಲ್ಲಿನ ಸಂದಿಯಲ್ಲಿ ಬಹಳ ಕಾಲ ನಿಂತ ನೀರಿಗೆ ಫ್ಲೋರೈಡ್ ಇಳಿದುಕೊಂಡಿರುತ್ತದೆ. ಒಂದು ಲೀಟರಿನಲ್ಲಿ ಒಂದೂವರೆ ಮಿಲಿಗ್ರಾಂ ದಾಟಬಾರದು ಅನ್ನುವುದು ನಿಯಮ. ದಾಟಿದರೆ ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆ ಬರುತ್ತದೆ, ವಯಸ್ಸಾದವರ ಕೀಲು ಹಿಡಿದುಕೊಳ್ಳುತ್ತದೆ. ನಮ್ಮ ಶಾಲೆಯ ಹಳೇ ಗ್ರೂಪ್ ಫೋಟೋದಲ್ಲಿ ಬಾಯಿ ಬಿಟ್ಟು ನಗುತ್ತಿರುವ ಮಕ್ಕಳು ಕಡಿಮೆ. ಈಗ ಊರಿಗೊಂದು ಶುದ್ಧ ಕುಡಿಯುವ ನೀರಿನ ಘಟಕ ಇದೆ. ಐದು ರೂಪಾಯಿ ಕಾಯಿನ್ ಹಾಕಿದರೆ ಒಂದು ಕ್ಯಾನ್ ತುಂಬುತ್ತದೆ. ಕೆಟ್ಟಿಲ್ಲದ ದಿನ, ಕರೆಂಟಿರುವ ದಿನ.

ಹಾಗಾಗಿ ನೀರು ಬೇಡ ಅನ್ನುವವಳಲ್ಲ ನಾನು. 2018ರ ಜೂನಿನಲ್ಲಿ ಲಕ್ಷ್ಮೀಸಾಗರದ ಕೆರೆಗೆ ಮೊದಲ ನೀರು ಬಂದಾಗ ನಾವೂ ಟ್ರ್ಯಾಕ್ಟರ್ ಮಾಡಿಕೊಂಡು ನೋಡೋಕೆ ಹೋಗಿದ್ದೆವು, ಜಾತ್ರೆ ಥರ ಜನ. ಮುಂದಿನ ತಿಂಗಳಲ್ಲೇ ನೊರೆ ಬಂತು. ಬೆಳ್ಳಂದೂರಿನ ನೊರೆ ಟಿವಿಯಲ್ಲಿ ನೋಡಿದ್ದೆವು, ಆ ಕೆರೆಗೆ ಬೆಂಕಿ ಬಿದ್ದದ್ದೂ ನೋಡಿದ್ದೆವು. ಅದೇ ನಮ್ಮ ಬಾಗಿಲಿಗೆ ಬಂತಲ್ಲ ಅಂತ ಜನ ಹೆದರಿದರು. ಶಾಶ್ವತ ನೀರಾವರಿ ಹೋರಾಟ ಸಮಿತಿಯವರು ಕೋರ್ಟಿಗೆ ಹೋದರು. ಹೈಕೋರ್ಟ್ ತಡೆ ಕೊಟ್ಟಿತು, ತೆಗೆಯಿತು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು, ಆಮೇಲೆ ಮತ್ತೆ ನೀರು ಹರಿಯಿತು. ಆ ದಿನಗಳಲ್ಲಿ ನಮ್ಮೂರು ಎರಡಾಗಿತ್ತು. ನೀರು ಬೇಕು ಅನ್ನುವವರು ಒಂದು ಕಟ್ಟೆ ಮೇಲೆ, ವಿಷ ಅನ್ನುವವರು ಇನ್ನೊಂದು ಕಟ್ಟೆ ಮೇಲೆ. ಎರಡು ಕಟ್ಟೆಯವರ ಹತ್ತಿರವೂ ಅಂಕಿ ಅಂತ ಒಂದು ಇರಲಿಲ್ಲ. ಗಂಟಲು ಮಾತ್ರ ಇತ್ತು.

ಒಳ್ಳೆಯದನ್ನೂ ಹೇಳಿಬಿಡುತ್ತೇನೆ. ಕೆರೆ ತುಂಬಿದ ಮೇಲೆ ಸುತ್ತಮುತ್ತಲ ಬೋರುಗಳಲ್ಲಿ ನೀರು ಮೇಲಕ್ಕೆ ಬಂತು. ಐಐಎಸ್‌ಸಿಯವರ ಅಧ್ಯಯನದಲ್ಲೂ ಅಂತರ್ಜಲ ಏರಿದ್ದು ಕಂಡಿದೆ. ನಾವು ಸತ್ತುಹೋಯಿತು ಅಂತ ಬಾಯಿಗೆ ಚಪ್ಪಡಿ ಮುಚ್ಚಿದ್ದ ಹಳೇ ಬೋರಿಗೆ ಮತ್ತೆ ಮೋಟರ್ ಇಳಿಸಿದೆವು. ಒಂದೂವರೆ ಇಂಚು ನೀರು. ಆ ಪೈಪಿನ ಬಾಯಿಗೆ ಕೈಯೊಡ್ಡಿ ನಿಂತಾಗ ನಮ್ಮ ಯಜಮಾನರ ಮುಖ ನೀವು ನೋಡಬೇಕಿತ್ತು. ಈಗ ಎರಡು ಬೆಳೆ ಟೊಮೆಟೊ, ಒಂದಿಷ್ಟು ಹಿಪ್ಪುನೇರಳೆ, ಮೂರು ಹಸು. ಬೆಂಗಳೂರಿನಲ್ಲಿ ಸೆಕ್ಯುರಿಟಿ ಕೆಲಸಕ್ಕೆ ಹೋಗಿದ್ದ ನಮ್ಮ ಭಾವನವರ ಮಗ ವಾಪಸು ಬಂದು ಹೊಲ ಮಾಡುತ್ತಿದ್ದಾನೆ. ಇದನ್ನು ನೀವು ಕೊಟ್ಟದ್ದು ಅಂತ ಹೇಳೋಕೆ ನನಗೆ ನಾಚಿಕೆಯಿಲ್ಲ.

2021ರ ನವೆಂಬರಿನಲ್ಲಿ ಸುರಿದ ಮಳೆ ನೆನಪಿದೆಯಾ? ಮೊದಲೇ ಅರ್ಧ ನೀರಿದ್ದ ಕೆರೆ, ಮೇಲೆ ಆ ಮಳೆ. ಕೋಡಿ ಬಿತ್ತು. ನಾನು ಈ ಊರಿಗೆ ಬಂದ ಮೇಲೆ ಮೊದಲ ಸಲ. ಊರಿಗೆ ಊರೇ ಓಡಿತು. ನಮ್ಮತ್ತೆಗೆ ಮಂಡಿ ನೋವು, ಆದರೂ ನನ್ನ ಹೆಗಲು ಹಿಡಿದುಕೊಂಡು ಬಂದರು. ಅರಿಶಿನ, ಕುಂಕುಮ, ಬಳೆ, ಒಂದು ರವಿಕೆ ಕಣ, ಎಲ್ಲ ತಂದು ಗಂಗಮ್ಮನಿಗೆ ಬಿಟ್ಟರು. ಬಗ್ಗಿ ಬೊಗಸೆಯಲ್ಲಿ ನೀರು ತಗೊಂಡರು. ಅವರ ಕಾಲದಲ್ಲಿ ಕೋಡಿ ನೀರು ಅಂದರೆ ತೀರ್ಥ, ಮೂರು ಸಲ ಕುಡಿದು ತಲೆಗೆ ಸವರಿಕೊಳ್ಳಬೇಕು. ಬೊಗಸೆ ಬಾಯಿ ಹತ್ತಿರ ಹೋಯಿತು, ಅಲ್ಲಿ ನಿಂತಿತು. ನನ್ನ ಕಡೆ ತಿರುಗಿ, "ಓದಿದವಳು ನೀನು. ಕುಡೀಬಹುದೇನಮ್ಮ?" ಅಂದರು.

ನನ್ನ ಹತ್ತಿರ ಉತ್ತರ ಇರಲಿಲ್ಲ. "ಬೇಡ ಅತ್ತೆ, ತಲೆಗೆ ಹಾಕಿಕೊಳ್ಳಿ ಸಾಕು" ಅಂದೆ. ಬೆರಳ ಸಂದಿಯಿಂದ ನೀರು ಸೋರಿಹೋಗುವವರೆಗೆ ಹಾಗೇ ನಿಂತಿದ್ದರು. ಈ ಕಾಗದ ಅವತ್ತೇ ಬರೆಯಬೇಕಿತ್ತು.

ಈಗ ಸ್ವಲ್ಪ ಕೆಮಿಸ್ಟ್ರಿ. ಬೇಜಾರು ಮಾಡಿಕೊಳ್ಳಬೇಡಿ, ಚಿಕ್ಕದಾಗಿ ಹೇಳುತ್ತೇನೆ. ಕೊಳಚೆ ನೀರನ್ನು ಶುದ್ಧ ಮಾಡುವುದರಲ್ಲಿ ಹಂತಗಳಿವೆ. ಮೊದಲ ಹಂತದಲ್ಲಿ ಕಸ, ಮರಳು, ಕೆಸರು ಕೂತುಕೊಳ್ಳುತ್ತದೆ. ಎರಡನೇ ಹಂತದಲ್ಲಿ ಬ್ಯಾಕ್ಟೀರಿಯಾಗಳಿಗೆ ಗಾಳಿ ಊದಿ ಬೆಳೆಸುತ್ತಾರೆ, ಅವು ನೀರಿನಲ್ಲಿರುವ ಕೊಳೆಯನ್ನು ತಿಂದು ಹಾಕುತ್ತವೆ. ಇಷ್ಟಾದರೆ ವಾಸನೆ ಹೋಗುತ್ತದೆ, ನೋಡೋಕೆ ತಿಳಿಯಾಗುತ್ತದೆ. ಆದರೆ ಸೋಪಿನ ಪುಡಿಯಿಂದ ಬರುವ ರಂಜಕ, ನೈಟ್ರೋಜನ್ ಪೂರ್ತಿ ಹೋಗುವುದಿಲ್ಲ, ರೋಗದ ಕ್ರಿಮಿಗಳೂ ಪೂರ್ತಿ ಸಾಯುವುದಿಲ್ಲ. ಯಾವುದೋ ಗಲ್ಲಿಯಲ್ಲಿ ಲೋಹಕ್ಕೆ ಮೆರುಗು ಹಾಕುವ ಪ್ಲೇಟಿಂಗ್ ಶೆಡ್ಡಿನವನು ರಾತ್ರಿ ಹೊತ್ತು ಚರಂಡಿಗೆ ಬಿಟ್ಟ ಕ್ರೋಮಿಯಂ, ಸೀಸ, ಕ್ಯಾಡ್ಮಿಯಂ ಇದ್ದರೆ ಬ್ಯಾಕ್ಟೀರಿಯಾ ಅದನ್ನು ತಿಂದು ಇಲ್ಲವಾಗಿಸೋಕೆ ಆಗಲ್ಲ. ಮನೆ ಕೊಳಚೆಗೆ ಅಂತ ಕಟ್ಟಿದ ಘಟಕ ಅದು. ಮೂರನೇ ಹಂತ ಅಂತ ಒಂದಿದೆ, ಸಣ್ಣ ಕಣವನ್ನೂ ಸೋಸುವುದು, ರಂಜಕ ಇಳಿಸುವುದು, ಕ್ರಿಮಿ ಕೊಲ್ಲುವುದು. ನಮಗೆ ಬರುತ್ತಿರುವುದು ಎರಡನೇ ಹಂತದ ನೀರು. ನಮ್ಮ ಜಿಲ್ಲೆಯವರು ಮೊದಲಿಂದ ಕೇಳುತ್ತಿರುವುದು ಆ ಮೂರನೇ ಹಂತ.

ಇದು ನಮ್ಮ ರಾಜ್ಯದಲ್ಲಿ ಆಗದ ಕೆಲಸವೇನಲ್ಲ. ನಿಮ್ಮ ಕಬ್ಬನ್ ಪಾರ್ಕಿನ ಹುಲ್ಲಿಗೆ ಹಾಯಿಸೋಕೆ ಅಂತ ಮೂರನೇ ಹಂತದವರೆಗೆ ಶುದ್ಧ ಮಾಡುವ ಘಟಕ ಅಲ್ಲೇ ಒಳಗಿದೆ. ಯಲಹಂಕದಿಂದ ವಿಮಾನ ನಿಲ್ದಾಣಕ್ಕೆ ಹೋಗುವುದೂ ಮೂರನೇ ಹಂತದ ನೀರೇ. ಪಾರ್ಕಿನ ಹುಲ್ಲಿಗೆ ಮೂರು ಹಂತ, ಕೋಲಾರದ ಕೆರೆಗೆ ಎರಡು. ಪ್ರಮಾಣ ಜಾಸ್ತಿ, ಖರ್ಚು ಜಾಸ್ತಿ ಅನ್ನುತ್ತಾರೆ, ಒಪ್ಪುತ್ತೇನೆ. ನೀರು ನಿಧಾನವಾಗಿ ಮಣ್ಣಿನಲ್ಲಿ ಇಂಗಿದರೆ ಮಣ್ಣೇ ಸೋಸುತ್ತದೆ ಅನ್ನುತ್ತಾರೆ. ಅದರಲ್ಲೂ ನಿಜವಿದೆ, ಎಷ್ಟೋ ಕ್ರಿಮಿ ಮಣ್ಣಿನಲ್ಲಿ ಸಾಯುತ್ತದೆ. ಆದರೆ ನೈಟ್ರೇಟ್ ಮಣ್ಣಿನಲ್ಲಿ ಸರಿಯಾಗಿ ನಿಲ್ಲಲ್ಲ, ನೀರಿನ ಜೊತೆಗೇ ಇಳಿಯುತ್ತದೆ. ನಮ್ಮದು ಬಿರುಕು ಬಿಟ್ಟ ಕಲ್ಲಿನ ನೆಲ, ಕೆಲವು ಕಡೆ ಸೋಸೋಕೆ ಮಣ್ಣೇ ಅಷ್ಟಿಲ್ಲ.

ಬಳಸಿದ ನೀರನ್ನು ಮತ್ತೆ ಬಳಸುವುದು ಕೀಳು ಅಂತಲೂ ನಾನು ಹೇಳುತ್ತಿಲ್ಲ. ಆಫ್ರಿಕಾದ ನಮೀಬಿಯಾದಲ್ಲಿ ವಿಂಡ್‌ಹುಕ್ ಅಂತ ಊರಿದೆ. ನಮ್ಮ ಥರಾನೇ ಒಣ ಸೀಮೆ. ಅಲ್ಲಿ 1968ರಿಂದ ಕೊಳಚೆ ನೀರನ್ನು ಶುದ್ಧ ಮಾಡಿ ಕುಡಿಯೋಕೇ ಕೊಡುತ್ತಿದ್ದಾರೆ. ಸಿಂಗಪುರದವರು 2003ರಿಂದ ನ್ಯೂವಾಟರ್ ಅಂತ ಹೆಸರಿಟ್ಟು ಕೊಡುತ್ತಿದ್ದಾರೆ, ಬಾಟಲಿಯಲ್ಲಿ ತುಂಬಿ ಜನರ ಕೈಗೆ ಕೊಟ್ಟು, ಹೇಗೆ ಮಾಡುತ್ತೇವೆ ನೋಡಿ ಅಂತ ಒಳಗೆ ಕರೆದು ತೋರಿಸಿದರು. ಜನ ಕುಡಿದದ್ದು ನಂಬಿಕೆಯಿಂದ, ನಂಬಿಕೆ ಬಂದದ್ದು ತೋರಿಸಿದ್ದರಿಂದ. ನಮಗೆ ತೋರಿಸಿದ್ದು ಉದ್ಘಾಟನೆಯ ಟೇಪು.

ನಾನು ಕೇಳೋಕೆ ಹೋದೆ. ಯಾವ ಆಫೀಸು ಅಂತ ಬರೆಯಲ್ಲ, ಅಲ್ಲಿದ್ದ ಹುಡುಗ ಪಾಪ ನನ್ನ ಮಗನ ವಯಸ್ಸಿನವನು. "ನಮ್ಮೂರ ಕೆರೆ ನೀರಿನ ಟೆಸ್ಟ್ ರಿಪೋರ್ಟ್ ಕೊಡಿ" ಅಂದೆ. "ಯಾತಕ್ಕಮ್ಮಾ?" ಅಂದ. "ನಮ್ಮತ್ತೆ ಕೇಳಿದರು" ಅಂದೆ. ಇನ್ನೊಂದು ಆಫೀಸಿಗೆ ಕಳಿಸಿದ. ಅವರು ಮೊದಲನೇ ಆಫೀಸಿಗೇ ಕಳಿಸಿದರು. ಕೊನೆಗೆ ಹತ್ತು ರೂಪಾಯಿ ಕಟ್ಟಿ ಆರ್‌ಟಿಐ ಹಾಕಿದೆ. ಮೂವತ್ತು ದಿನ ಅಂತ ಕಾನೂನು, ಎರಡು ತಿಂಗಳ ಮೇಲೆ ಒಂದು ಜೆರಾಕ್ಸ್ ಬಂತು. ಪೂರ್ತಿ ಇಂಗ್ಲಿಷು. ನೀರು ತೆಗೆದ ತಾರೀಖು ಎಂಟು ತಿಂಗಳ ಹಿಂದಿನದು. ನೀರು ತೆಗೆದ ಜಾಗ ಬೆಂಗಳೂರಿನ ಘಟಕದ ಬಾಯಿ. ನಮ್ಮ ಕೆರೆಯ ಹೆಸರೇ ಅದರಲ್ಲಿರಲಿಲ್ಲ. ಕೆಳಗೆ ಒಂದು ಸಾಲು, ಎಲ್ಲವೂ ಮಿತಿಯೊಳಗೆ ಇದೆ ಅಂತ. ಯಾವುದರ ಮಿತಿ? ಕುಡಿಯೋಕಾ, ದನಕ್ಕಾ, ಸೊಪ್ಪಿಗಾ, ಹೊಳೆಗೆ ಬಿಡೋಕಾ? ಒಂದೊಂದಕ್ಕೆ ಒಂದೊಂದು ಮಿತಿ ಇರುತ್ತದೆ, ಬಿಎಸ್ಸಿ ಓದಿದ ನನಗೇ ಅದು ಯಾವುದು ಅಂತ ಆ ಹಾಳೆಯಿಂದ ಗೊತ್ತಾಗಲಿಲ್ಲ ಅಂದಮೇಲೆ ನಮ್ಮ ಪಕ್ಕದ ಮನೆ ಮುನಿಯಮ್ಮನಂಥವರಿಗೆ ಏನು ಗೊತ್ತಾಗಬೇಕು?

ಗೊತ್ತಾಗದಿದ್ದರೆ ಏನಾಗುತ್ತದೆ ಗೊತ್ತಾ? ಜನ ತಾವೇ ಉತ್ತರ ಮಾಡಿಕೊಳ್ಳುತ್ತಾರೆ. ಟೊಮೆಟೊಗೆ ಬಿಂಗಿ ರೋಗ ಬಂತು, ಎಲೆ ಮುದುರಿಕೊಂಡಿತು. ಕೆಸಿ ವ್ಯಾಲಿ ನೀರು ಅಂದರು. ಆ ರೋಗ ಹರಡುವುದು ಬಿಳಿ ನೊಣ ತರುವ ವೈರಸ್ಸಿನಿಂದ, ಈ ನೀರು ಕಾಣದ ಊರುಗಳಲ್ಲೂ ಬರುತ್ತದೆ. ಹೇಳಿದರೆ ಯಾರು ಕೇಳುತ್ತಾರೆ? ಹಸು ಗಬ್ಬ ನಿಲ್ಲಲಿಲ್ಲ, ಕೆಸಿ ವ್ಯಾಲಿ. ಮೀನು ಸತ್ತಿತು, ಕೆಸಿ ವ್ಯಾಲಿ. ಕೂದಲು ಉದುರಿತು, ಅದಕ್ಕೂ ಅದೇ. ಇನ್ನೊಂದು ಕಡೆಯವರು, ಏನೂ ಆಗಲ್ಲ ಹೋಗಿ, ಗಂಗಮ್ಮನಿಗೆ ಮೈಲಿಗೆ ಇಲ್ಲ ಅಂತ ಅದರಲ್ಲೇ ಸೊಪ್ಪು ತೊಳೆದು ಸಂತೆಗೆ ಕಟ್ಟುತ್ತಾರೆ. ಹೆದರಿದವರಿಗೂ ಹೆದರದವರಿಗೂ ನಿಜ ಏನು ಅಂತ ಗೊತ್ತಿಲ್ಲ.

ಇದರಲ್ಲಿ ನಿಮಗೇನು ಅಂತ ಕೇಳಬಹುದು. ಆ ಸೊಪ್ಪಿನ ಕಟ್ಟು ಎಲ್ಲಿಗೆ ಹೋಗುತ್ತದೆ ಅಂದುಕೊಂಡಿರಿ? ನಮ್ಮ ಕೋಲಾರದ ಎಪಿಎಂಸಿ ಟೊಮೆಟೊಗೆ ಏಷ್ಯಾದಲ್ಲೇ ದೊಡ್ಡ ಮಾರುಕಟ್ಟೆಗಳಲ್ಲಿ ಒಂದು. 2023ರ ಜುಲೈನಲ್ಲಿ ಹದಿನೈದು ಕೆಜಿ ಬಾಕ್ಸು ಎರಡು ಸಾವಿರ ದಾಟಿದಾಗ ನೀವೆಲ್ಲ ನಮ್ಮನ್ನು ನೆನೆಸಿಕೊಂಡಿರಿ. ಅದೇ ಬಾಕ್ಸಿಗೆ ಐವತ್ತು ಸಿಗದೆ ರಸ್ತೆ ಪಕ್ಕ ಸುರಿದು ಬಂದ ದಿನಗಳೂ ಇವೆ, ಅವತ್ತು ಯಾರೂ ಫೋನ್ ಮಾಡಿರಲಿಲ್ಲ, ಅದು ಬಿಡಿ. ಟೊಮೆಟೊ, ಬೀನ್ಸು, ಕ್ಯಾರೆಟ್ಟು, ಕೊತ್ತಂಬರಿ, ಬೆಳಗಿನ ಹಾಲು, ಎಲ್ಲದರಲ್ಲೂ ನಮ್ಮ ಜಿಲ್ಲೆಯ ಪಾಲು ನಿಮ್ಮ ಅಡುಗೆಮನೆಗೆ ಬರುತ್ತದೆ. ನೀವು ಸಿಂಕಿಗೆ ಸುರಿದ ನೀರು ಕೆರೆಗೆ ಬರುತ್ತದೆ, ಕೆರೆಯಿಂದ ಬೋರಿಗೆ, ಬೋರಿನಿಂದ ಗಿಡಕ್ಕೆ, ಗಿಡದಿಂದ ನಿಮ್ಮ ಸಾರಿಗೆ. ನನ್ನ ತಮ್ಮ ಊರಿಂದ ಹೋಗುವಾಗ ಕ್ಯಾನ್ ಖಾಲಿ ಮಾಡಿ, ಅದೇ ಡಿಕ್ಕಿಯಲ್ಲಿ ಎರಡು ಬಾಕ್ಸ್ ಟೊಮೆಟೊ, ಒಂದು ಚೀಲ ತರಕಾರಿ ತುಂಬಿಕೊಂಡು ಹೋದ.

ನಮ್ಮ ತಪ್ಪನ್ನು ಮುಚ್ಚಿಡಲ್ಲ. ಕೆರೆ ಒಣಗಿದ್ದಕ್ಕೆ ಬರೀ ಮಳೆಯನ್ನು ಬೈದರೆ ಆಗಲ್ಲ. ರಾಜಕಾಲುವೆ ಒತ್ತಿ ಹೊಲ ಮಾಡಿಕೊಂಡವರು ನಾವೇ. ದುಡ್ಡು ಬರುತ್ತದೆ ಅಂತ ಬೀಳು ಭೂಮಿಗೆಲ್ಲ ನೀಲಗಿರಿ ನೆಟ್ಟೆವು, 2017ರಲ್ಲಿ ಸರ್ಕಾರ ಹೊಸದಾಗಿ ನೆಡಬೇಡಿ ಅಂತ ಆದೇಶ ಮಾಡುವ ಹೊತ್ತಿಗೆ ಕೆಲಸ ಆಗಿಹೋಗಿತ್ತು. ನೀರಗಂಟಿ ಅಂತ ಒಬ್ಬರಿರುತ್ತಿದ್ದರು, ತೂಬು ಎತ್ತೋದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ನೋಡೋದು ಅವರ ಕೆಲಸ. ಬೋರ್ ಬಂದ ಮೇಲೆ ಅವರನ್ನು ಯಾರೂ ಕರೆಯಲಿಲ್ಲ. ಈಗಲೂ ಅಷ್ಟೇ. ಕೆಸಿ ವ್ಯಾಲಿ ನೀರನ್ನು ನೇರವಾಗಿ ಎತ್ತಬಾರದು, ಇಂಗೋಕೆ ಬಿಡಬೇಕು ಅಂತ ನಿಯಮ ಇದೆ. ರಾತ್ರಿ ಕಾಲುವೆಗೆ ಮೋಟರ್ ಬಿಡುವವರು ನಮ್ಮೂರಲ್ಲೇ ಇದ್ದಾರೆ. ನಮಗೆ ಗೊತ್ತು, ಪಂಚಾಯ್ತಿಗೆ ಗೊತ್ತು, ಎಲ್ಲರೂ ನೆಂಟರು.

ರಾಜಕೀಯ ಮಾತಾಡದೆ ಇರೋಕಾಗುತ್ತಾ? ನಮಗೆ ನಿಜವಾಗಿ ಮಾತು ಕೊಟ್ಟದ್ದು ಎತ್ತಿನಹೊಳೆ ನೀರು. ಪಶ್ಚಿಮ ಘಟ್ಟದಿಂದ 24 ಟಿಎಂಸಿ. 2012ರಲ್ಲಿ 8,323 ಕೋಟಿ ಅಂದರು. 2014ರಲ್ಲಿ 12,912 ಕೋಟಿ ಅಂದರು, ಶಂಕುಸ್ಥಾಪನೆ ಮಾಡಿದರು. ಈಗ ಅಂದಾಜು 23,000 ಕೋಟಿ ದಾಟಿದೆ. 2024ರ ಗೌರಿ ಹಬ್ಬದ ದಿನ ಸಕಲೇಶಪುರದ ಕಡೆ ಮೊದಲ ಹಂತ ಉದ್ಘಾಟನೆ ಆಯಿತು, ಟಿವಿಯಲ್ಲಿ ನೀರು ಚಿಮ್ಮುವುದನ್ನು ತೋರಿಸಿದರು, ನಮ್ಮತ್ತೆ ಟಿವಿಗೇ ಕೈ ಮುಗಿದರು. ಮೂರು ಪಕ್ಷದವರೂ ಮೂರು ಎಲೆಕ್ಷನ್ನಿನಲ್ಲಿ ಅದೇ ನೀರಿನ ಹೆಸರು ಹೇಳಿ ವೋಟು ತಗೊಂಡಿದ್ದಾರೆ. ಘಟ್ಟದ ಕೆಳಗಿನವರು ನಮ್ಮ ಹೊಳೆ ಕೊಡಲ್ಲ ಅಂತ ಕೂಗಿದಾಗ ಅವರ ಮಾತಲ್ಲೂ ನ್ಯಾಯ ಇದೆ ಅಂತ ನನಗನ್ನಿಸಿದೆ, ಅದನ್ನು ನಮ್ಮೂರಲ್ಲಿ ಹೇಳಿದರೆ ಹೊಡೆತ ಬೀಳುತ್ತದೆ. 2016ರಲ್ಲಿ ನಾವು ಟ್ರ್ಯಾಕ್ಟರ್ ತಗೊಂಡು ಬೆಂಗಳೂರಿಗೆ ಬಂದೆವಲ್ಲ, ಅವತ್ತು ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ನಮ್ಮನ್ನು ಬೈದವರು ನಿಮ್ಮಲ್ಲಿ ತುಂಬಾ ಜನ ಇರಬಹುದು. ಪರವಾಗಿಲ್ಲ. ಕೇಳಿದ್ದು ಎತ್ತಿನಹೊಳೆ, ಸಿಕ್ಕಿದ್ದು ಕೆಸಿ ವ್ಯಾಲಿ.

2024ರ ಬೇಸಿಗೆಯಲ್ಲಿ ನಿಮ್ಮ ಬೋರುಗಳೂ ಬತ್ತಿದವು. ಕಾವೇರಿ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂದರು. ನನ್ನ ತಮ್ಮ ಫೋನಿನಲ್ಲಿ, "ಟ್ಯಾಂಕರ್‌ಗೆ ಎರಡು ದಿನದಿಂದ ಕಾಯ್ತಿದ್ದೀವಿ ಅಕ್ಕಾ, ಇದೆಂಥಾ ಬದುಕು" ಅಂತ ಗೋಳಾಡಿದ. ನನಗೆ ನಗು ಬಂತು, ಸುಳ್ಳು ಹೇಳಲ್ಲ. ಆಮೇಲೆ ಪಾಪ ಅನ್ನಿಸಿತು. ಅವನ ಪುಟ್ಟ ಮಗಳು ಬಕೆಟ್ಟಿನಲ್ಲಿ ಅರ್ಧ ನೀರು ಇಟ್ಟುಕೊಂಡು ಸ್ನಾನ ಮಾಡೋದು ಕಲಿತಳಂತೆ. ನಮ್ಮ ಮಕ್ಕಳಿಗೆ ಅದು ಹುಟ್ಟಿನಿಂದ ಬರುತ್ತದೆ.

ಇಷ್ಟು ಹೊತ್ತು ಓದಿದ್ದೀರಿ, ಬೇಕಾಗಿರುವುದು ಏನು ಅಂತ ಹೇಳಿಬಿಡುತ್ತೇನೆ. ಮೂರನೇ ಹಂತ ಮಾಡಿ ಅಂತ ನಾವು ಕೇಳುತ್ತಲೇ ಇರುತ್ತೇವೆ, ಅದಕ್ಕೆ ವರ್ಷಗಳು ಬೇಕು, ಕೋಟಿಗಳು ಬೇಕು. ಅದು ಆಗುವವರೆಗೆ ಒಂದು ಚಿಕ್ಕ ಕೆಲಸ ಆಗಲಿ. ಈ ನೀರು ಬರುವ ಒಂದೊಂದು ಕೆರೆಯ ನೀರನ್ನೂ, ಅದರ ಪಕ್ಕದ ಎರಡು ಬೋರಿನ ನೀರನ್ನೂ ತಿಂಗಳಿಗೊಮ್ಮೆ ಪರೀಕ್ಷೆ ಮಾಡಿ, ಫಲಿತಾಂಶವನ್ನು ಕನ್ನಡದಲ್ಲಿ ಆ ಊರಿನ ಗೋಡೆ ಮೇಲೆ ಬರೆಯಬೇಕು. ವೆಬ್‌ಸೈಟ್‌ನಲ್ಲಿದೆ ಹೋಗಿ ನೋಡಿ ಅನ್ನಬಾರದು. ಗೋಡೆ ಮೇಲೆ. ನೈಟ್ರೇಟ್ ಎಷ್ಟು, ಲೀಟರಿಗೆ 45 ಮಿಲಿಗ್ರಾಂ ಒಳಗಿದೆಯಾ. ಫ್ಲೋರೈಡ್ ಎಷ್ಟು, ಮೊದಲಿಗಿಂತ ಇಳಿಯಿತಾ. ಮಲದ ಕ್ರಿಮಿ ಇದೆಯಾ. ಸೀಸ, ಕ್ರೋಮಿಯಂ, ಕ್ಯಾಡ್ಮಿಯಂ ಇದೆಯಾ. ಅದರ ಕೆಳಗೆ ಎಲ್ಲರಿಗೂ ಅರ್ಥ ಆಗುವ ಹಾಗೆ: ಕುಡಿಯಬಹುದಾ, ದನಕ್ಕೆ ಕುಡಿಸಬಹುದಾ, ಸೊಪ್ಪಿಗೆ ಹಾಯಿಸಬಹುದಾ. ಹೌದು ಅಥವಾ ಇಲ್ಲ. ಒಂದು ತಿಂಗಳು ಇಲ್ಲ ಅಂತ ಬಂದರೆ ಇಲ್ಲ ಅಂತಲೇ ಬರೆಯಲಿ, ನಾವೇನು ಗಾಬರಿಯಾಗಿ ಕೆರೆ ಮುಚ್ಚಲ್ಲ. ಆ ತಿಂಗಳು ಸೊಪ್ಪು ಬಿಟ್ಟು ಹಿಪ್ಪುನೇರಳೆಗೆ ಹಾಯಿಸುತ್ತೇವೆ. 1,300 ಕೋಟಿ ಸುರಿದವರಿಗೆ ಇದೊಂದು ಖರ್ಚಾ?

ನಿಮ್ಮಿಂದ ಬೇಕಾಗಿರುವುದು ಏನು ಅಂದರೆ, ನಿಮ್ಮ ಮಾತಿಗೆ ಬೆಲೆ ಇದೆ. ನೀವು ಹತ್ತು ಜನ ಒಂದು ಗುಂಡಿಯ ಫೋಟೋ ಹಾಕಿದರೆ ಸಂಜೆಗೆ ಎಂಜಿನಿಯರ್ ಬರುತ್ತಾರೆ. ನಾವು ಸಾವಿರ ಜನ ಟ್ರ್ಯಾಕ್ಟರಿನಲ್ಲಿ ಬಂದರೂ ಟ್ರಾಫಿಕ್ ಜಾಮ್ ಅಂತ ಸುದ್ದಿಯಾಗುತ್ತದೆ. ಈಗ ನಿಮಗೆ ಒಂದು ಪಾಲಿಕೆ ಹೋಗಿ ಐದು ಪಾಲಿಕೆ ಆಗಿವೆ. ವೋಟು ಕೇಳೋಕೆ ಬಂದವರನ್ನು, ರಸ್ತೆ, ಕಸ ಎಲ್ಲ ಕೇಳಿದ ಮೇಲೆ, ನಮ್ಮ ಮನೆ ನೀರು ಎಲ್ಲಿಗೆ ಹೋಗುತ್ತದೆ, ಹೋಗುವಾಗ ಹೇಗಿರುತ್ತದೆ ಅಂತಲೂ ಒಂದು ಮಾತು ಕೇಳಿ. ನಿಮ್ಮ ಗಲ್ಲಿಯಲ್ಲಿ ಶೆಡ್ ಹಾಕಿಕೊಂಡು ಬಣ್ಣದ ನೀರನ್ನು ಚರಂಡಿಗೆ ಬಿಡುವವನು ಇದ್ದರೆ ದೂರು ಕೊಡಿ. ಡೇಟ್ ಮುಗಿದ ಮಾತ್ರೆ, ಸಿರಪ್ಪು ಸಿಂಕಿಗೆ, ಕಮೋಡಿಗೆ ಹಾಕಬೇಡಿ. ಸೋಪಿನ ಪುಡಿ ಒಂದು ಚಮಚ ಕಮ್ಮಿ ಹಾಕಿದರೂ ಬಟ್ಟೆ ಬೆಳ್ಳಗಾಗುತ್ತದೆ, ನಾನು ನೋಡಿದ್ದೇನೆ.

ನಮ್ಮೂರ ಶಾಲೆಯ ಕಾಂಪೌಂಡ್ ಗೋಡೆ ಕೆರೆ ಏರಿಗೆ ಎದುರಾಗಿದೆ. ಹೋದ ತಿಂಗಳು ಸಂಘದ ಹೆಂಗಸರು ಸೇರಿ ಅದರ ಮೇಲೆ ನಾಲ್ಕಡಿಗೆ ಆರಡಿ ಕರೀ ಬಣ್ಣ ಬಳಿಸಿದೆವು. ಮೇಷ್ಟ್ರು ಅಂಕಿ ಬರೆಯೋಕೆ ಬಿಳಿ ಬಣ್ಣದಲ್ಲಿ ಚೌಕಗಳನ್ನು ಎಳೆದು, ಮೇಲೆ ಕೆರೆಯ ಹೆಸರು ಬರೆದಿದ್ದಾರೆ, ಅಕ್ಷರ ಮುತ್ತಿನ ಹಾಗಿದೆ. ಸೀಮೆಸುಣ್ಣ ಶಾಲೆಯಲ್ಲೇ ಸಿಗುತ್ತದೆ. ತಾರೀಖಿನ ಜಾಗ ಖಾಲಿ ಬಿಟ್ಟಿದ್ದೇವೆ. ನಮ್ಮತ್ತೆ ದಿನಾ ಸಾಯಂಕಾಲ ವಾಕಿಂಗ್ ಹೋದಾಗ ಅಲ್ಲಿ ನಿಂತು ನೋಡಿ ಬರುತ್ತಾರೆ. ಅವರಿಗೆ ಓದೋಕೆ ಬರಲ್ಲ, ಏನಾದರೂ ಬರೆದಿದ್ದಾರಾ ಅಂತ ನೋಡುತ್ತಾರೆ.

ಇಂತಿ,
ಕೆರೆ ಕೆಳಗಿನ ಮನೆಯವಳು

ತಾ.ಕ.: ತಮ್ಮಾ, ನೀನೂ ಇದನ್ನು ಓದುತ್ತೀಯ ಅಂತ ಗೊತ್ತು. ದೀಪಾವಳಿಗೆ ತಪ್ಪದೆ ಬನ್ನಿ. ಕ್ಯಾನ್ ತರುವುದಾದರೆ ಮೂರು ತಾ, ಅತ್ತೆಗೂ ಒಂದು ಇರಲಿ.